ಉದ್ರಿ ವಹಿ

ತಾಳಿಕೋಟಿ ಬಸ್‌ಸ್ಟ್ಯಾಂಡಿನ ಹಿಂದ, ಅಗಸಿ ಕಡೆ ಹೊಳ್ಳೂ ಮೂಲ್ಯಾಗ
ನಮ್ಮಪ್ಪನ ಚಾದಂಗಡಿ. ಅದರ ಮಾಳಗಿ ಮ್ಯಾಲ
ಐದು ಹೊಳಿ ಪಕ್ಷದ ಆಫೀಸು.
ಪಕ್ಷದ ಚರಿತ್ರೆ ಬರೀಬೇಕಂತ ಕಾಲೇಜಿನ ಹುಡುಗನೊಬ್ಬ ಬಂದಿದ್ದ.
ಠರಾವಿನ ಪುಸ್ತಕ ಎಲ್ಲದ? ಕೋರ್ಟಿನ್ಯಾಗ, ಅಂದೆ.
ಫೋಟೊ? ಎರಡು ತುಂಡಾಗಿ ಎರಡು ಮನ್ಯಾಗ.
ಮತ್ತ ಏನ ಉಳದದ?
ಗಲ್ಲಾದ ಕೆಳಗ ಕೈ ಹಾಕಿ ಈ ವಹಿ ತಗದು ಕೊಟ್ಟೆ.

ಎಣ್ಣಿ ಹಿಡದ ಮೊದಲನೇ ಹಾಳಿ, ನಮ್ಮಪ್ಪನ ವಾರಿ ಅಕ್ಷರ:
'ಪಕ್ಷ. ಏಳು ಮಂದಿ. ನಾಕು ಚಾ.'
ಅವತ್ತ ಡೋಣಿ ದಂಡಿ ಮೀರಿ ಬಂದಿತ್ತು,
ಬಸ್ಸು ನಿಂತಿದ್ದವು, ಮನಿಗೆ ಹೋಗಾಕ ದಾರಿ ಇರಲಿಲ್ಲ,
ಅದಕ್ಕಽ ಪಕ್ಷ ಕಟ್ಟಿದ್ರು ಅಂತಿದ್ದ ನಮ್ಮಪ್ಪ, ನಕ್ಕೋತ.
ಕಪ್ಪಿನ್ಯಾಗಿನ ಅರ್ಧ ಬಸಿಗೆ ಬಗ್ಗಿಸಿ
ವಕೀಲ ಹಿಪ್ಪರಗಿ ಪರಸಪ್ಪ ಮಾದರಗ ಕೊಟ್ಟ.
ಆ ಕಾಲದಾಗ, ಆ ಕಟ್ಟಿ ಮ್ಯಾಲ, ಅದು ಸಣ್ಣ ಮಾತಲ್ಲ.
ಚಿಹ್ನೆ ಬೀಸುಕಲ್ಲು. 'ಡೋಣಿ ಬಂದ್ರ ಓಣೆಲ್ಲ ಜೋಳ,
ಜೋಳ ಬಂದ ಮ್ಯಾಲ ಬೀಸಾಕ ಬೇಕಲ್ಲ' ಅಂದಿದ್ದಳಂತ ನೀಲವ್ವ.

ಹನ್ನೊಂದನೇ ಹಾಳಿಗೆ ಉದ್ದಕ್ಕ ಗೆರಿ ಬಿದ್ದದ.
ಈಚಿ ಕಡೆ ಗೌಡ್ರ ಪಕ್ಷ, ಆಚಿ ಕಡೆ ವಕೀಲ್ರ ಪಕ್ಷ.
ಮ್ಯಾಲಿನ ಕಲ್ಲು ನಂದು, ತಿರಗೂದು ಅದಽ ಅಲ್ಲೇನು, ಗೌಡ್ರು.
ಕೆಳಗಿನ ಕಲ್ಲಿಲ್ಲದ ಏನ ತಿರಗ್ತದ, ವಕೀಲ್ರು.
ಆಯೋಗದವರು ಇಬ್ಬರಿಗೂ ಕಲ್ಲು ಕೊಡಲಿಲ್ಲ.
ಒಬ್ಬರಿಗೆ ಇಸ್ತ್ರಿ ಪೆಟ್ಟಿಗಿ ಬಂತು, ಇನ್ನೊಬ್ಬರಿಗೆ ಪೀಪಿ.
ಆಫೀಸಿಗೆ ಎರಡು ಕೀಲಿ. ಬೆಂಚಿಗೆ ಗರಗಸ.
ನೂರಾ ಎಂಬತ್ತು ರೂಪಾಯಿ ಚಾದ ಬಾಕಿ,
ಅದೊಂದು ಮಾತ್ರ ನಂದು ಅಂತ
ಯಾರೂ ಕೋರ್ಟಿಗೆ ಹೋಗಲಿಲ್ಲ.

ಮುಂದ ಹಾಳಿ ತಿರುವೂದಽ ಕಷ್ಟ.
ಮೂಲ ಐದು ಹೊಳಿ, ಖರೆ ಐದು ಹೊಳಿ,
ಖರೇದ್ರಾಗ ಮುನಿಸಿಕೊಂಡು ಎದ್ದ ಇನ್ನೊಂದು,
ಅದರ ಹೆಸರು ಬರಿಯೂದ್ರಾಗಽ ವಿಲೀನ ಆತು:
ಬರೇ ಎರಡು ಚಾ, ಒಂದು ಖಾರಾ.
ಬೆಂಗಳೂರಾಗ ಸರಕಾರ ಅಲಗಾಡಿದ್ರ
ಇಲ್ಲಿ ನನಗ ಹಾಲು ಹೆಚ್ಚಿಗಿ ಬೇಕು.
ಒಡದ ದಿನ ಹೆಚ್ಚು, ಕೂಡಿದ ದಿನ ಇನ್ನೂ ಹೆಚ್ಚು,
ಕೂಡಿದಾಗ ಬಾಜಾದವರೂ ಕುಡೀತಾರ.

ಒಮ್ಮೆ ಐವರು ನಾಯಕರು ಒಂದಽ ಹಾರದೊಳಗ ತಲಿ ತೂರಿಸಿ
ನನ್ನ ಬಾಗಿಲಾಗ ನಿಂತ್ರು. ಈಗ ಎಲ್ಲಾ ಒಂದಽ, ಅಂದ್ರು.
ಹಂಗಾರ ಬಾಕೀನೂ ಒಂದಽ ಮಾಡ್ಲೇನ್ರಿ? ಕೂಡಿಸಿ ತೋರಿಸಿದೆ.
ಹೊಸ ಖಜಾಂಚಿ ಕನ್ನಡಕ ಏರಿಸಿ ಓದಿ
'ಇದು ವಿಲೀನದ ಹಿಂದಿನದ್ದು ಲಾಲಸಾಬ,
ಆ ಪಕ್ಷಗೋಳು ಈಗ ಇಲ್ಲಲ್ಲ' ಅಂದ.
ಬರಕೊಂಡೆ: ಹದಿನೇಳು ಚಾ. ಹೊಸ ಹಾಳಿ.

ಪರಸಪ್ಪಂದು ಬ್ಯಾರೆ ಹಾಳಿ ಅದ.
ಎಷ್ಟು ಪಕ್ಷ ಬದಲಿಸಿದಿ ಕಾಕಾ, ಅಂತ ಹುಡುಗ ಕೇಳಿದ.
'ನಾ ಈ ಕಟ್ಟಿ ಬಿಟ್ಟು ಎದ್ದಽ ಇಲ್ಲಪ್ಪ.
ಪಕ್ಷಗೋಳಽ ಎದ್ದು ಹೋದ್ವು, ಬಂದ್ವು.
ಲೆಕ್ಕಾ ಹಾಕಿದ್ರ ಒಂಬತ್ತು.'
ಕಾರ್ಯಕರ್ತರ ಯಾದ್ಯಾಗ ಅವನ ಹೆಸರು ಎಲ್ಲಾ ಕಡೆ ಇತ್ತು,
ಟಿಕೆಟಿನ ಯಾದ್ಯಾಗ ಯಾವ ಕಡೆನೂ ಇರಲಿಲ್ಲ.
ಚಾದ ರೊಕ್ಕ ಸೋಮವಾರಕ್ಕೊಮ್ಮೆ ತಾನಽ ಎಣಿಸಿ ಇಡತಾನ.

ಹುಡುಗ ಹೋದ ಮರುದಿನ ವಕೀಲ್ರು ಬಂದ್ರು, ಕೋಲು ಹಿಡಕೊಂಡು.
ಈಗ ಯಾವ ಪಕ್ಷ ಅಂತ ಅವರಿಗೂ ಅಷ್ಟು ನೆನಪಿಲ್ಲ.
ಪರಸಪ್ಪನ ಬಾಜೂಕ ಕುಂತು 'ಒಂದಽ ಹಾಕು' ಅಂದ್ರು.
ಕೊಟ್ಟೆ, ಕಾಗದದ ಕಪ್ಪಿನ್ಯಾಗ.
ಕಪ್ಪು ವಾಲಿಸಿದ ಕೈ ಗಾಳ್ಯಾಗಽ ನಿಂತಿತು.
'ಬಸಿ ಇಲ್ಲೇನೋ?'

ಬಸಿ ಬಿಟ್ಟು ಹತ್ತು ವರ್ಷಾತ್ರಿ, ಅಂದೆ.
ಆದರೂ ಮಾಡಿನ ಮ್ಯಾಲ, ನಮ್ಮಪ್ಪನ ತಕ್ಕಡಿ ಹಿಂದ
ಒಂದು ಇರಬೇಕು ಅನಿಸಿ
ಸ್ಟೂಲ್ ಹಾಕಿಕೊಂಡು ಹತ್ತಿದೆ.