ಒಂದು ನೂಲು ಸಂದು

ಮೇಸ್ತ ಟೀಚರು ಹೊನ್ನಾವರದಾಗ ಮನಿ ಕಟ್ಟಸಾಕತ್ಯಾರ.
ಇಪ್ಪತ್ತೊಂದು ವರ್ಷ ಕುಷ್ಟಗಿಯಾಗ ಗಣಿತ ಹೇಳಿದವ್ರು.
ತಲಬಾಗಲು ಮಾತ್ರ ಇಲ್ಲಿಂದನ ಹೋಗಬೇಕಂತ,
ನನ್ನ ಕೈಲೆ.

"ಕಬ್ಬಿಣದ ಬಿಜಾಗ್ರಿ ಬೇಡ ಮೌನೇಶಪ್ಪಾ,
ಎರಡು ಮಳೆಗಾಲದಲ್ಲಿ ಉಪ್ಪುಗಾಳಿ ತಿಂದು ಮುಗಿಸ್ತದೆ."
ಹಿತ್ತಾಳಿ ತಂದೆ. ಸಾಗವಾನಿ ತಂದೆ.
ಕಡಲು ಎಲ್ಲಿಂದ ತರಲಿ?
ಮುನಿರಾಬಾದಿನ ಡ್ಯಾಮು ತುಂಬಿದ್ದು ನೋಡೀನಿ, ಅಷ್ಟ.

ಇಲ್ಲಿ ಕಟ್ಟಿಗಿ ಒಣಗತೈತಿ.
ಬ್ಯಾಸಿಗ್ಯಾಗ ಕದದ ಸಂದಿಲೆ ಬಿಸಲು ಒಳಗ ಬಂದು
ನೆಲದ ಮ್ಯಾಲ ಗೆರಿ ಹೊಡಿತೈತಿ.
ಅಲ್ಲಿ ಉಬ್ಬತೈತಂತ,
ಆಷಾಢದಾಗ ಹೆಗಲು ಕೊಟ್ಟು ನೂಕಬೇಕಂತ.

ಎಷ್ಟು ಉಬ್ಬತೈತಿ?
ಬಕೀಟಿನ್ಯಾಗ ಉಪ್ಪು ಕಲಸಿ
ತುಂಡೊಂದು ಮುಳುಗಿಸಿಟ್ಟೆ, ಮೂರು ರಾತ್ರಿ.
"ಡಬ್ಬ್ಯಾಗಿನ ಉಪ್ಪು ಎಲ್ಲಿ ಹೋತು?" ಮನಿಯಾಕಿ ಕೇಳಿದ್ಲು.
ಕಡಲು ಮಾಡಾಕತ್ತೀನಿ, ಅಂದೆ.
ನಗಲಿಲ್ಲ.
ಬಂದು ಬೆರಳು ಅದ್ದಿ, ನಾಲಿಗಿಗೆ ಹಚ್ಚಿಕೊಂಡು
"ಇನ್ನೊಂದು ಹಿಡಿ ಹಾಕ್ರಿ" ಅಂದ್ಲು.

ಅಳದು, ಒಂದು ನೂಲು ಸಂದು ಬಿಟ್ಟು ಹೆರದೀನಿ.
ಅಂಗಡ್ಯಾಗ ಚೌಕಟ್ಟಿಗೆ ಕೂಡಿಸಿ ನಿಲ್ಲಿಸಿದ ಕದ
ಗಾಳಿ ಬಂದಾಗೊಮ್ಮೆ ಲಟಲಟ ಅಂತೈತಿ.
"ಸಡಿಲಾತಲ್ಲೋ ಬಡಿಗ್ಯಾ" ಅಂತಾರ ಹೋಗಿ ಬರೋರು.

ತಡೀರಿ,
ಅಲ್ಲಿ ಮಳಿ ಹತ್ತಲಿ.