ಪಕ್ಕೆಯ ಮೇಲಿನ ಹಿಮ

ಮೊದಲು ನೀರು. ಒಣ ರಬ್ಬರಿಗೆ ಬ್ರಷ್ಷು ತಾಗಿಸಬೇಡ, ಸೆಜ್ರೋ,
ಮಣ್ಣಿನಲ್ಲಿ ಮರಳಿದೆ, ಮರಳಿಗೆ ಹಲ್ಲಿದೆ.
ಮೇಲಿನಿಂದ ಸುರಿ. ತಾನಾಗಿ ಇಳಿಯಲಿ
ಹಡಗಿನ ಉಪ್ಪು, ಯಾವುದೋ ಊರಿನ ಕೆಸರು,
ಮಡ್‌ಗಾರ್ಡಿನೊಳಗೆ ಸಿಕ್ಕಿಕೊಂಡ ಎಲೆ.
ನಿನ್ನೆ ಒಂದು ಸಿಕ್ಕಿತ್ತು, ಅಂಗೈಯ ಹಾಗೆ ಐದು ಕವಲು,
ಈ ಕೊಟೊನುವಿನ ಯಾವ ಮರದ್ದೂ ಅಲ್ಲ.

ಈಗ ಸಾಬೂನು. ಗುಂಡಗೆ ಉಜ್ಜು,
ಮಗುವಿನ ಬೆನ್ನು ತೀಡಿದ ಹಾಗೆ.
ನೊರೆ ಕಂದು ಬರುತ್ತದೆ. ಬರಲಿ.
ಕೊಳೆ ಅಂದುಕೊಂಡೆಯಾ? ಅರ್ಧ ಮಾತ್ರ.
ಉಳಿದರ್ಧ ರಬ್ಬರಿನದೇ ಬೆವರು:
ಬಿಸಿಲು ತಿನ್ನದಿರಲಿ ಎಂದು ಒಳಗಿನ ಮೇಣವನ್ನು
ತಾನೇ ಹೊರಗೆ ತಂದು ಬಳಿದುಕೊಳ್ಳುತ್ತದೆ.
ತನ್ನನ್ನು ಕಾಯ್ದುಕೊಂಡದ್ದಕ್ಕೇ ಮಂಕಾಗಿ ಕಾಣುತ್ತದೆ, ಪಾಪ.
ಗಿರಾಕಿಗೆ ಅದು ಬೇಡ. ಉಜ್ಜು,
ನೊರೆ ಬೆಳ್ಳಗಾಗುವ ತನಕ. ಮೂರು ಸಲ, ಕೆಲವಕ್ಕೆ ಐದು.

ಅದಾ? ಅದು ಬೆಟ್ಟ. ಮೂರು ತುದಿ.
ಒಳಗೆ ಚಿಕ್ಕೆಯ ಹಾಗಿರುವುದು ಹಿಮದ ಹರಳಂತೆ.
ಹಿಮದಲ್ಲಿ ಓಡಲೆಂದೇ ಮಾಡಿದ ಟೈರಿನ ಗುರುತು.
ನಾನು ಹಿಮ ಕಂಡವನಲ್ಲ. ಇಪ್ಪತ್ತೆರಡು ವರ್ಷದಿಂದ
ದಿನಕ್ಕೆ ಹತ್ತಾದರೂ ಬೆಟ್ಟ ತೊಳೆಯುತ್ತೇನೆ
ಸವೆದ ಟೂತ್‌ಬ್ರಷ್ಷಿನಲ್ಲಿ. ಹಿಮ ಬಿಳಿಯಂತಲ್ಲ,
ನನಗೆ ಗೊತ್ತಿರುವುದು ಕಪ್ಪು.

ಒಣಗಲಿ. ಒದ್ದೆ ಮೈಗೆ ಕರಿ ಹಿಡಿಯದು.
ಒಂದು ಹಿಡಿ ಕಡಲೇಕಾಯಿ ಸುಲಿದು ತಿನ್ನುವಷ್ಟು ಹೊತ್ತು.

ಈ ಡಬ್ಬಿ ನನ್ನದು. ಗ್ಲಿಸರಿನ್, ನೀರು, ಇನ್ನೊಂದನ್ನು ಹೇಳುವುದಿಲ್ಲ.
ಅತ್ತ ಸಾಲಿನ ಅಗೊಸ್ಸೂ ಸುಟ್ಟ ಎಂಜಿನ್ ಎಣ್ಣೆ ಬಳಿಯುತ್ತಾನೆ.
ಹೊಳೆಯುತ್ತದೆ, ಸುಳ್ಳಲ್ಲ, ಮೂರು ದಿನ.
ಆಮೇಲೆ ರಬ್ಬರು ಊದುತ್ತದೆ, ನೆನೆದ ಬ್ರೆಡ್ಡಿನ ಹಾಗೆ.
ಅಷ್ಟರಲ್ಲಿ ಕಾರು ನಿಯಾಮೆ ದಾಟಿರುತ್ತದೆ.
ಸ್ಪಂಜಿಗೆ ಸ್ವಲ್ಪವೇ. ಪಕ್ಕೆಗೆ ಮಾತ್ರ.
ನೆಲ ಮುಟ್ಟುವ ಕಡೆ ಒಂದು ಹನಿಯೂ ಬೀಳಕೂಡದು,
ಅಲ್ಲಿ ಹೊಳಪೆಂದರೆ ಬ್ರೇಕು ಹಿಡಿಯದ ಸಾವು.

ಇಲ್ಲಿ, ಈ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ
ನಾಲ್ಕು ಅಂಕಿ ಇದೆಯಲ್ಲ, ಅಲ್ಲಿ ದಪ್ಪಗೆ ಹಚ್ಚು.
ಯಜಮಾನ ನಖ್ಲೆಯ ಅಪ್ಪಣೆ.
ಮೊದಲೆರಡು ವಾರ, ಉಳಿದೆರಡು ವರುಷ.
ಗಿರಾಕಿಯ ಕಣ್ಣು ಜಾರಿಹೋಗಬೇಕು.

ಯಾಕೆ ನಿಂತೆ? ಬೆರಳು ಮಡಿಸಿ ಏನೆಣಿಸುತ್ತೀಯ?
ಏನಂದೆ?
ನೀನು ಹುಟ್ಟಿದ ವಾರವಾ?

ಇನ್ನೊಮ್ಮೆ ಒರೆಸಿ ನೋಡು.
ಹಾಗಾದರೆ ಪೋರ್ಟೊ ನೊವೊದ ಆಸ್ಪತ್ರೆಯಲ್ಲಿ ನಿನ್ನವ್ವ
ಹಲ್ಲು ಕಚ್ಚಿ ಮಲಗಿದ್ದಾಗ, ಎಲ್ಲೋ ಒಬ್ಬ
ಇದನ್ನು ಅಚ್ಚಿನಿಂದ ಬಿಸಿಬಿಸಿಯಾಗಿ ಎತ್ತುತ್ತಿದ್ದ.
ಹದಿನಾರು. ರಬ್ಬರಿಗೆ ಹದಿನಾರೆಂದರೆ ಮುದುಕ,
ನನಗಿಂತ ಮುದುಕ. ಒತ್ತಿದರೆ ಪಕ್ಕೆಯಲ್ಲಿ ಕೂದಲೆಳೆ ಬಿರುಕು.
ನಿನಗೋ, ಇನ್ನೂ ಮೀಸೆ ಮೂಡಿಲ್ಲ.
ನಗಬೇಡ. ನಕ್ಕರೆ ನಾನೂ ನಗಬೇಕಾಗುತ್ತದೆ.

ಅಗೋ, ಹಸಿರು ಬಟ್ಟೆ ಸುತ್ತಿದ ಆ ಹೆಂಗಸು, ನಿನ್ನೆಯೂ ಬಂದಿದ್ದಳು,
ಮೀನು ಸಾಗಿಸಲು ಬೇಕಂತೆ. ಮಂಡಿಯೂರುತ್ತಿದ್ದಾಳೆ,
ನಾನು ಬೆಳಿಗ್ಗೆ ಹಚ್ಚಿದ ಮುಂದಿನ ಚಕ್ರದ ಬಳಿ.
ಕಾರು ಕೊಳ್ಳಲು ಬಂದು ಮಂಡಿಯೂರುವವರು ಕಡಿಮೆ.
ಹೆಬ್ಬೆರಳಿಗೆ ಉಗುಳು ಹಚ್ಚಿದಳು. ಒರೆಸುತ್ತಿದ್ದಾಳೆ.
ಈಗ ಕೇಳುತ್ತಾಳೆ, ಎಷ್ಟು ಹಳೆಯದು ಅಂತ.
ನನ್ನ ಬಾಯಲ್ಲಿ ಉತ್ತರ ಸಿದ್ಧವಿದೆ, ಎಣ್ಣೆ ಹಚ್ಚಿದ್ದು:
ಯುರೋಪಿನ ರಸ್ತೆ, ಅಮ್ಮಾ, ಬೆಣ್ಣೆ. ಟೈರು ಎಲ್ಲಿ ಸವೆಯುತ್ತೆ?

ನೀನು ಎದ್ದೆ ನೋಡು, ಸೆಜ್ರೋ,
ಒದ್ದೆ ಕೈ ಚಡ್ಡಿಗೆ ಒರೆಸಿಕೊಂಡು
'ನನ್ನಷ್ಟು' ಅಂದುಬಿಟ್ಟೆ.

ಅವಳು ಕಾರು ನೋಡಲಿಲ್ಲ, ನಿನ್ನನ್ನು ನೋಡಿದಳು,
ಮೇಲಿನಿಂದ ಕೆಳಗೆ, ನೀರು ಸುರಿದ ಹಾಗೆ.
ಆಮೇಲೆ ನಖ್ಲೆಯ ಕೋಣೆಗೆ ನಡೆದಳು,
ನಾಲ್ಕು ಹೊಸ ಟೈರಿನ ದುಡ್ಡು ಕಳೆದು ಬೆಲೆ ಹೇಳು ಅಂತ.
ಒಳಗೆ ದನಿ ಏರುತ್ತಿದೆ. ಒಂದು ಹೆಸರು ಕೇಳಿಸಿತು,
ನಿನ್ನದೋ ನನ್ನದೋ.

ಕೂತುಕೋ. ಆ ಕಡೆಯ ಚಕ್ರ ಇನ್ನೂ ನೊರೆಯಲ್ಲಿದೆ.
ಕೆಲಸ ಹೋಗುವುದಿದ್ದರೆ ಸಂಜೆ ಹೋಗಲಿ,
ಬೆಟ್ಟವನ್ನು ಅರ್ಧ ತೊಳೆದು ಏಳುವುದುಂಟೆ?