ಟಾರ್ಚು

ಕೆಲಸಕ್ಕೆ ಸೇರಿದ ದಿನ ಗಂಗಹನುಮಯ್ಯನವರು
ಹೇಳಿಕೊಟ್ಟದ್ದು ಒಂದೇ ಪಾಠ:
ಬೆಳಕು ಕಾಲಿಗೆ ಬಿಡು,
ಮುಖಕ್ಕೆ ಬಿಡಬೇಡ.

ಹಾಗಾಗಿ ಒಂಬತ್ತು ವರ್ಷ
ಉಪ್ಪಾರಪೇಟೆಯ ಮಂಗಳಗೌರಿ ಟಾಕೀಸಿನ ಬೆಳಗಿನಾಟಕ್ಕೆ
ಬಂದವರೆಲ್ಲ ನನಗೆ ಚಪ್ಪಲಿಗಳಾಗಿ ಗೊತ್ತು.
ರಾತ್ರಿಪಾಳಿ ಮುಗಿಸಿದ ಮಿಲ್ಲಿನವನ ಹವಾಯಿ, ಪಟ್ಟಿಗೆ ಹತ್ತಿಯೆಳೆ,
ಪಾಲಿಶ್ ತಿಂದು ತಿಂದು ತೆಳ್ಳಗಾದ ಗುಮಾಸ್ತರ ಬೂಟು,
ಮದುವೆಗೆ ಕೊಂಡದ್ದಿರಬೇಕು, ಇನ್ನೂ ಕಿರುಗುಡುವ ಒಂದು ಜೊತೆ.
ಬರಿಗಾಲಲ್ಲೂ ಒಬ್ಬರು ಬರುತ್ತಿದ್ದರು.
ಯಾವ ಹರಕೆಯೋ, ನಾನು ಕೇಳಲಿಲ್ಲ.

ಹೊರಗೆ ಪೋಸ್ಟರಿನ ಎದೆಗೆ
ಪೊಲೀಸರ ಭಯಕ್ಕೆ ಡಾಂಬರು ಬಳಿದಿರುತ್ತಿತ್ತು.
ಬಳಿದದ್ದಕ್ಕೇ ಜನ ನಿಂತು ನೋಡುತ್ತಿದ್ದರು.
ಈಗ ಯಾರೋ ಹುಡುಗರು ನಮ್ಮ ವಠಾರ ಹುಡುಕಿಕೊಂಡು ಬರುತ್ತಾರೆ,
ಅಂಕಲ್, ಹಳೇ ಪೋಸ್ಟರಿದ್ರೆ ಕೊಡಿ,
ಕಾಫಿ ಅಂಗಡಿ ಗೋಡೆಗೆ ಕಟ್ಟು ಹಾಕಿಸಬೇಕು.
ಡಾಂಬರಿದ್ದರೆ ಐನೂರು ಜಾಸ್ತಿಯಂತೆ.

ಸಿನಿಮಾ ಮಲಯಾಳಂ. ಒಳಗೆ ಕೂತ ಒಬ್ಬರಿಗೂ ಬಾರದು.
ಹತ್ತು ಚಿತ್ರಕ್ಕೆ ಒಂದೇ ಬಂಗಲೆ, ಒಂದೇ ಹಸಿರು ಪರದೆ,
ಹೂದಾನಿಯಲ್ಲಿ ಅದೇ ಪ್ಲಾಸ್ಟಿಕ್ ಗುಲಾಬಿ.
ಅವಳು ಮಳೆಯಲ್ಲಿ ನೆನೆಯುವಾಗ
ಹಿಂದಿನ ಗುಡ್ಡದ ಮೇಲೆ ರಣಬಿಸಿಲು.
ಗೋಡೆಯ ಮೇಲೆ ಪೈಪು ಹಿಡಿದ ಯಾರದೋ ಕೈಯ ನೆರಳು,
ನಡುಗುತ್ತಿತ್ತು, ಪಾಪ,
ಭಾರಕ್ಕೋ ನಾಚಿಕೆಗೋ.

ಮಧ್ಯೆ, ವಾಜಿದ್ ಸಾಬರು ಅಂಟಿಸಿದ ಮೂರು ನಿಮಿಷ.
ಬೇರೆ ಬಣ್ಣ, ಬೇರೆ ಹೆಂಗಸು, ತೆರೆ ತುಂಬ ಗೀರು.
ಆಗ ಹಾಲಿನಲ್ಲಿ ಕೆಮ್ಮುವವರೂ ತಡೆದುಕೊಳ್ಳುವರು.
ಮುಗಿಯುತ್ತಲೇ
ಅರ್ಧದಷ್ಟು ಚಪ್ಪಲಿಗಳು ಎದ್ದು ಹೊರಡುವವು.

ಪಕ್ಕದ ಚಹಾದಂಗಡಿಯ ಪಪ್ಪಚ್ಚನ್
ಗ್ಲಾಸು ಒಟ್ಟುಮಾಡಲು ಬಂದವನು ಬಾಗಿಲಲ್ಲೇ ನಿಂತುಬಿಡುತ್ತಿದ್ದ.
ಒಂದು ದಿನ ನೋಡುತ್ತೇನೆ, ಅಳುತ್ತಿದ್ದಾನೆ.
ಏನಯ್ಯಾ?
ಅವಳ ಅಣ್ಣ ಮನೆ ಬರೆದುಕೊಟ್ಟುಬಿಟ್ಟ, ಅಂದ,
ಅವಳಿಗಿನ್ನೂ ಗೊತ್ತಿಲ್ಲ.

ಅವಳಿಗೊಬ್ಬ ಅಣ್ಣನಿದ್ದಾನೆಂದು
ನನಗೂ ಗೊತ್ತಿರಲಿಲ್ಲ.

ಆಮೇಲೆ ದಿನವೂ ಅವನು ಪಿಸುಗುಟ್ಟುವನು,
ನಾನು ಟಾರ್ಚು ಆರಿಸಿ ಕೇಳುವೆನು.
ಆಸ್ಪತ್ರೆ ಬಿಲ್ಲು, ಬಾರದ ಮನಿಯಾರ್ಡರು,
ಕಿವಿಯೋಲೆ ಅಡವಿಟ್ಟು ತಂಗಿಯ ಫೀಸು.
ಕತೆಯೇನು, ತೇಪೆ ಮೇಲೆ ತೇಪೆ.
ಕೆಲವನ್ನು ಪಪ್ಪಚ್ಚನ್ನೇ ಹೊಲಿದಿರಬೇಕು,
ಒಂದೇ ಚಿತ್ರಕ್ಕೆ ಸೋಮವಾರ ಒಂದು ಕತೆ, ಗುರುವಾರ ಇನ್ನೊಂದು.
ನಾನು ತಕರಾರು ಮಾಡಲಿಲ್ಲ. ರಜೆಯ ದಿನವೂ ಹೋದೆ.
ಮನೆಯಲ್ಲಿ ಓವರ್‌ಟೈಮು ಅಂದೆ.

ಕೊನೆಗೆ ಅವಳು ಬಸ್ಸು ಹತ್ತುವಳು.
ಕಿಟಕಿಯಿಂದ ಒಂದು ಗಳಿಗೆ, ತಪ್ಪಿ,
ನೇರ ಕ್ಯಾಮೆರಾವನ್ನೇ ನೋಡುವಳು.
ಮತ್ತೆ ತೆಗೆಯಲು ರೀಲಿಗೆ ದುಡ್ಡಿರಲಿಲ್ಲವೇನೋ,
ಹಾಗೇ ಬಿಟ್ಟಿದ್ದರು.
ತಿಂಡಿ ತಿಂದಿರಾ ಎಂದು ಕೇಳುವ ಹಾಗಿತ್ತು ಆ ನೋಟ.

ಒಮ್ಮೆ ಸರಿಯಾಗಿ ಅಲ್ಲಿಗೇ ಕರೆಂಟು ಹೋಯಿತು.
ಸಿಳ್ಳೆ, ಬೈಗುಳ, ಕುರ್ಚಿ ಬಡಿವ ಸದ್ದು.
ಏನನ್ನಿಸಿತೋ,
ಕೈಯಲ್ಲಿದ್ದ ಟಾರ್ಚನ್ನೆತ್ತಿ
ಅವಳ ಮುಖವಿದ್ದ ಜಾಗಕ್ಕೆ ಬಿಟ್ಟೆ.

ಬಿಳಿ ಬಟ್ಟೆ. ಮೂಲೆಯಲ್ಲಿ ಎಲೆಅಡಿಕೆ ಕಲೆ,
ನಡುವೆ ಒಂದು ಹೊಲಿಗೆ.
ಯಾರೂ ಬೈಯಲಿಲ್ಲ. ಎಲ್ಲರೂ ಅದನ್ನೇ ನೋಡುತ್ತ ಕೂತರು.
ಕತ್ತಲಲ್ಲಿ ಪಪ್ಪಚ್ಚನ್ ಮೆಲ್ಲಗೆ ಅಂದ:
ಹಾಗೇ ಹಿಡಿದಿರಣ್ಣಾ,
ಮುಂದಿನ ಸ್ಟಾಪಿನಲ್ಲಿ ಇಳೀತಾಳೆ.